ಒಯ್ಯದೆ ಬಿಟ್ಟ ಮುಖಗಳು

ಗದುಗಿನ ಹಳೇ ಊರಿನೊಳಗೆ, ತ್ರಿಕೂಟೇಶ್ವರನ ಗುಡಿಯಿಂದ ವೀರನಾರಾಯಣನ ಗುಡಿಯ ಕಡೆಗೆ ನಡೆದು ಹೊರಟಿದ್ದೆ. ಒಂದು ಓಣಿಯ ತಿರುವಿನಲ್ಲಿ ಬ್ಯಾನರು ಕಟ್ಟಿದ್ದರು: ‘ಪಾಶ್ಚಾತ್ಯ ಶೈಲಿಯ ಚಿತ್ರಕಲಾ ಪ್ರದರ್ಶನ, ಮೂರು ದಿನ, ಪ್ರವೇಶ ಉಚಿತ’. ಅದರ ಕೆಳಗೇ ಚಹಾದ ಗಾಡಿ. ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ ಹಿರಿಯರೊಬ್ಬರು ಬ್ಯಾನರನ್ನು ಎರಡು ಸಲ ಓದಿ, ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕೇಳಿದರು: ‘ಪಾಶ್ಚಾತ್ಯ ಅಂದ್ರ ಚಾಲುಕ್ಯರದೇನ್ರಿ? ಪಶ್ಚಿಮ ಚಾಲುಕ್ಯರು ಅಂತ ಸಾಲ್ಯಾಗ ಓದಿದ್ವೆಲ್ಲಾ.’

ನಾನು ನಕ್ಕುಬಿಟ್ಟೆ. ಮೆಟ್ಟಿಲು ಹತ್ತುವಾಗ ಮಾತ್ರ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಇಂಗ್ಲಿಷರು ಬರೆದ ಇತಿಹಾಸದಲ್ಲಿ ಕಲ್ಯಾಣದ ಚಾಲುಕ್ಯರು ‘ಪಶ್ಚಿಮ’ದವರು, ವೆಂಗಿಯವರು ಪೂರ್ವದವರು. ಆ ಲೆಕ್ಕದಲ್ಲಿ ಗದುಗಿನಲ್ಲಿ ಪಾಶ್ಚಾತ್ಯ ಕಲಾಪ್ರದರ್ಶನ ಸಾವಿರ ವರ್ಷದಿಂದ ನಡೆದೇ ಇದೆ. ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳ ಕುಸುರಿಯನ್ನು ಬೆಳಿಗ್ಗೆಯಷ್ಟೇ ನೋಡಿ ಬಂದಿದ್ದೆ. ಹನ್ನೊಂದು–ಹನ್ನೆರಡು ಕಿಲೋಮೀಟರ್ ಆಚೆ ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಅದಕ್ಕೂ ಪ್ರವೇಶಕ್ಕೆ ಬ್ಯಾನರಿಲ್ಲ.

ಮಾಳಿಗೆಯ ಮೇಲಿನ ಹಾಲು ಒಂದಾನೊಂದು ಕಾಲಕ್ಕೆ ದಲಾಲಿ ಅಂಗಡಿಯವರು ಹತ್ತಿ ಒಟ್ಟುತ್ತಿದ್ದ ಗೋದಾಮು. ಕಿಟಕಿ ಸಣ್ಣವು, ತೊಲೆ ದಪ್ಪ, ಗೋಡೆಗೆ ಹೊಸ ಸುಣ್ಣ. ಪ್ರದರ್ಶನ ಏರ್ಪಡಿಸಿದವರು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹೈಸ್ಕೂಲುಗಳ ಡ್ರಾಯಿಂಗ್ ಮಾಸ್ತರರು, ಹೆಚ್ಚಿನವರು ನಿವೃತ್ತರು. ಚಿತ್ರಗಳು ಅರವತ್ತಕ್ಕೆ ಸ್ವಲ್ಪ ಹೆಚ್ಚು. ಉದ್ಘಾಟನೆಯ ಭಾಷಣಗಳು ಮುಗಿದ ಮೇಲೆ ಹೋದದ್ದು ನನ್ನ ಪುಣ್ಯ. ಹಾರ, ಶಾಲು, ಹಣ್ಣಿನ ಬುಟ್ಟಿಗಳ ಅವಶೇಷ ಮಾತ್ರ ಮೇಜಿನ ಮೇಲಿತ್ತು.

‘ಪಾಶ್ಚಾತ್ಯ’ ಎಂದು ಅವರು ಕರೆದದ್ದು ಏನನ್ನು ಎಂಬುದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಎಣ್ಣೆ ಬಣ್ಣ, ಜಲವರ್ಣ, ನೆರಳು–ಬೆಳಕು, ದೂರದ್ದು ಸಣ್ಣದು ಹತ್ತಿರದ್ದು ದೊಡ್ಡದು, ಮೂಗಿನ ಪಕ್ಕ ಬೀಳಬೇಕಾದ ಕಡೆಯೇ ಬೀಳುವ ನೆರಳು. ಇದು ಮೈಸೂರಿನ ದಾರಿಯಿಂದ ಇಲ್ಲಿಗೆ ಬಂದದ್ದಲ್ಲ. 1956ರ ತನಕ ಈ ಸೀಮೆಯ ಮುಖವೆಲ್ಲ ಮುಂಬಯಿಯ ಕಡೆಗಿತ್ತು. ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜದ ಪಟವರ್ಧನರದ್ದು. 1857ರಲ್ಲಿ ಶುರುವಾದ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಪಾಠಗಳು ರೈಲು ಹತ್ತಿ ಇಳಿದದ್ದು ಹುಬ್ಬಳ್ಳಿ, ಧಾರವಾಡ, ಗದಗ ಸ್ಟೇಶನ್ನುಗಳಲ್ಲಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ತೆರೆದರು. ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದರು. ಅಲ್ಲಿ ಕಲಿತವರು ಹಳ್ಳಿ ಹಳ್ಳಿಯ ಹೈಸ್ಕೂಲು ಸೇರಿ, ಮಕ್ಕಳಿಗೆ ಲೋಅರ್ ಗ್ರೇಡು, ಹೈಯರ್ ಗ್ರೇಡು ಪರೀಕ್ಷೆ ಕಟ್ಟಿಸಿ, ಹೂಜಿ ಮತ್ತು ಬಾಳೆಹಣ್ಣು ಇಟ್ಟು ನೆರಳು ತೀಡುವುದನ್ನು ಕಲಿಸಿದರು. ನಾನೂ ತೀಡಿದ್ದೇನೆ. ನನ್ನ ಹೂಜಿ ಯಾವಾಗಲೂ ಒಂದು ಕಡೆ ವಾಲುತ್ತಿತ್ತು.

ಆದರೆ ಕಲಾಶಾಲೆಗಳಿಗಿಂತ ಮೊದಲೇ ಪಾಶ್ಚಾತ್ಯ ಕಲೆ ಈ ಊರುಗಳಿಗೆ ಬಂದಿತ್ತು, ನಾಟಕದ ಪರದೆಯ ಮೇಲೆ. ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದ್ದು ಇದೇ ಸಾಂಗಲಿಯಲ್ಲಿ, ಶಿರಹಟ್ಟಿಯ ದೊರೆಗಳೂ ಆಗಿದ್ದ ಪಟವರ್ಧನರ ಆಶ್ರಯದಲ್ಲಿ. ಮುಂದೆ ಮರಾಠಿ ಕಂಪನಿಗಳು ಕನ್ನಡ ಊರುಗಳಲ್ಲಿ ಮೆರೆಯುವುದನ್ನು ಕಂಡು ಹೊಟ್ಟೆ ಉರಿಸಿಕೊಂಡ ಕನ್ನಡ ಸಾಲಿ ಮಾಸ್ತರ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದುಗಿನಲ್ಲೇ ಕೃತಪುರ ನಾಟಕ ಮಂಡಳಿ ಕಟ್ಟಿದರು. ಕೃತಪುರ ಅಂದರೆ ಗದಗ. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ. ಕಂಪನಿ ನಾಟಕ ಬೆಳೆದಂತೆ ದರ್ಬಾರಿನ ಪರದೆ, ಬೀದಿಯ ಪರದೆ, ಕಾಡಿನ ಪರದೆಗಳೂ ಬೆಳೆದವು. ದರ್ಬಾರಿನ ಕಪ್ಪು–ಬಿಳಿ ಚೌಕದ ನೆಲಹಾಸು ಹಿಂದೆ ಹಿಂದೆ ಹೋದಂತೆ ಕಿರಿದಾಗಿ ಒಂದು ಚುಕ್ಕೆಯಲ್ಲಿ ಸೇರುವುದನ್ನು ನಮ್ಮ ಅಜ್ಜಂದಿರು ಬೆರಗಾಗಿ ನೋಡಿದ್ದು ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ನೆಲದ ಮೇಲೆ ಕೂತು. ಇಟಲಿಯವರು ಇಗರ್ಜಿಯಲ್ಲಿ ನೋಡಿದ್ದನ್ನು ಇವರು ಥಿಯೇಟರಿನಲ್ಲಿ ನೋಡಿದರು. ಆದ್ದರಿಂದ ಇದು ಹೊರಗಿನದು, ಅನುಕರಣೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನು ಕಂಡರೆ ನನಗೀಗ ಸ್ವಲ್ಪ ಅಸಹನೆ. ‘ಈಗ’ ಎಂದೆ. ಹಿಂದೊಮ್ಮೆ ಹಾಗೆ ತಳ್ಳಿಹಾಕಿದವರಲ್ಲಿ ನಾನೂ ಇದ್ದೆ. ಅದು ಮುಂದೆ ಬರುತ್ತದೆ.

ಮೊದಲು ನಿಸರ್ಗ ಚಿತ್ರಗಳ ಮಾತು ಮುಗಿಸಿಬಿಡುತ್ತೇನೆ. ಹಾಲಿನ ಅರ್ಧ ಅವೇ ತುಂಬಿದ್ದವು. ಹಿಮದ ಗುಡ್ಡ, ಗುಡ್ಡದಿಂದ ಜಿಗಿಯುವ ಜಲಪಾತ, ದಡದಲ್ಲಿ ಕೆಂಪು ಹೆಂಚಿನ ಮನೆ, ದೋಣಿ, ತೆಂಗಿನ ಮರದ ಹಿಂದೆ ಮುಳುಗುವ ಸೂರ್ಯ. ಕೈ ಪಳಗಿದೆ, ನೀರಿನ ಹೊಳಪು ಸರಿಯಾಗಿದೆ, ಎಲ್ಲೂ ಬಣ್ಣ ಕೆಸರಾಗಿಲ್ಲ. ಆದರೆ ಮುಂಡರಗಿಯ ಮನುಷ್ಯ ಹಿಮವನ್ನು ಯಾಕೆ ಬರೆಯಬೇಕು? ಕಪ್ಪತಗುಡ್ಡ ಅವರ ಹಿತ್ತಲಲ್ಲಿದೆ. ಶ್ರಾವಣದಲ್ಲಿ ಒಂದು ಹಸಿರು, ಯುಗಾದಿಯ ಹೊತ್ತಿಗೆ ಸುಟ್ಟ ರೊಟ್ಟಿಯ ಬಣ್ಣ, ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರ. 2011ರಲ್ಲಿ ಹಳ್ಳಿಗುಡಿಯ ಹೊಲಗಳಿಗೆ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳ ಜೊತೆ ಬೀದಿಗಿಳಿದ ಜನ ಇವರು. 2019ರಲ್ಲಿ ಗುಡ್ಡ ವನ್ಯಜೀವಿಧಾಮವೂ ಆಯಿತು. ಅಷ್ಟೆಲ್ಲ ಬಡಿದಾಡಿ ಉಳಿಸಿಕೊಂಡ ಗುಡ್ಡ ಆ ಗೋಡೆಯ ಮೇಲೆ ಒಂದೂ ಇರಲಿಲ್ಲ. ಮಾಗಡಿ ಕೆರೆಯೂ ಇರಲಿಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಆ ಕೆರೆಯಲ್ಲಿ ಇಳಿಯುತ್ತವೆ. ಹಕ್ಕಿಗಳೇ ಅಷ್ಟು ದೂರದಿಂದ ಶಿರಹಟ್ಟಿ ಸೀಮೆಗೆ ಬರುತ್ತಿರುವಾಗ ನಮ್ಮ ಚಿತ್ರಕಾರರು ಕಲ್ಪನೆಯಲ್ಲಿ ಹಿಮಾಲಯಕ್ಕೆ ಹೋಗಿ ಕೂತಿದ್ದಾರೆ.

ಇಲ್ಲಿ ಬೇರೊಂದು ‘ಪಶ್ಚಿಮ’ದ ಮಾತು ಹೇಳಬೇಕು. ಅಮೆರಿಕದಲ್ಲಿ ಪಾಶ್ಚಾತ್ಯ ಕಲೆ ಎಂದರೆ ಶೈಲಿಯಲ್ಲ, ಜಾಗ: ಅವರ ದೇಶದ ಪಶ್ಚಿಮ ಭಾಗ, ದನಗಾಹಿಗಳು, ಕುದುರೆ, ಕಾಡೆಮ್ಮೆ, ಮೂಲನಿವಾಸಿಗಳ ಡೇರೆ. ಫ್ರೆಡರಿಕ್ ರೆಮಿಂಗ್ಟನ್, ಚಾರ್ಲ್ಸ್ ರಸೆಲ್ ಅದರ ದೊಡ್ಡ ಹೆಸರುಗಳು. ರಸೆಲ್ ಬದುಕಿದ್ದ ಮೊಂಟಾನಾದ ಗ್ರೇಟ್ ಫಾಲ್ಸ್ ಗದಗ–ಬೆಟಗೇರಿಗಿಂತ ಸಣ್ಣ ಊರು. ಅಲ್ಲಿ ಪ್ರತಿ ಮಾರ್ಚಿನಲ್ಲಿ ಈ ಚಿತ್ರಗಳ ಜಾತ್ರೆಯೇ ಸೇರುತ್ತದೆ. ಅದರಲ್ಲಿ ಸುಳ್ಳು ಬೇಕಾದಷ್ಟಿದೆ. ಭೂಮಿ ಕಳೆದುಕೊಂಡವನನ್ನೇ ಸುಂದರವಾಗಿ ಬರೆದು, ಕಸಿದುಕೊಂಡವನ ಪಡಸಾಲೆಗೆ ಮಾರುವ ಕಲೆ ಅದು. ಆದರೂ ಒಂದು ಮಾತು ಒಪ್ಪಬೇಕು, ಆ ಊರವರು ಗೋಡೆಯ ಮೇಲೆ ತಮ್ಮ ಬೇಲಿಯನ್ನು, ತಮ್ಮ ದನದ ಬೆನ್ನನ್ನು ನೋಡುತ್ತಾರೆ. ಬೆನ್ನು ಸರಿಯಾಗಿಲ್ಲದಿದ್ದರೆ ದನ ಕಾಯುವವನೇ ಹೇಳಿಬಿಡುತ್ತಾನೆ. ನಮ್ಮ ಮಾಳಿಗೆಯ ಜಲಪಾತದ ಮುಂದೆ ನಿಂತ ಎರೆಹೊಲದ ರೈತ ಏನು ಹೇಳಬೇಕು? ‘ಭಾಳ ಚಂದ ಐತ್ರಿ’ ಎಂದು ಮುಂದೆ ಹೋಗುತ್ತಾನೆ. ಹೋದರು ಕೂಡ.

ಎರೆಮಣ್ಣಿನ ತೊಂದರೆ ಬಣ್ಣದ ಪೆಟ್ಟಿಗೆಯಿಂದಲೇ ಶುರುವಾಗುತ್ತದೆಯೋ ಏನೋ. ಟ್ಯೂಬುಗಳ ಮೇಲಿನ ಹೆಸರು ನೋಡಿ: ಸಿಯೆನ್ನಾ. ಅದು ಇಟಲಿಯ ಒಂದು ಊರು. ಅಲ್ಲಿಯ ಮಣ್ಣನ್ನು ಅರೆದು ಮಾಡಿದ ಬಣ್ಣಕ್ಕೆ ಆ ಊರಿನದೇ ಹೆಸರು. ಲಕ್ಷ್ಮೇಶ್ವರದ ಸುತ್ತಿನ ಮಣ್ಣಿಗೆ ಟ್ಯೂಬಿಲ್ಲ. ಮಳೆ ಬಿದ್ದ ಮರುದಿನ ಅದು ಕಪ್ಪೂ ಅಲ್ಲ, ಕಂದೂ ಅಲ್ಲ, ಒಳಗೆ ಒಂದು ನೇರಳೆ ಇರುತ್ತದೆ. ಅದನ್ನು ಬೆರೆಸಿಯೇ ಪಡೆಯಬೇಕು, ಪಡೆಯಲಿಕ್ಕೆ ಹೊಲದ ಬದುವಿನ ಮೇಲೆ ಕೂಡಬೇಕು. ಅರವತ್ತರಲ್ಲಿ ಒಂದೇ ಒಂದು ಜಲವರ್ಣ ಹಾಗೆ ಕೂತು ಮಾಡಿದ್ದಾಗಿ ಕಂಡಿತು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಆದರೆ ಗುಡಿಯಲ್ಲ: ಕೋಟೆಯ ಹಾಗೆ ಅದನ್ನು ಸುತ್ತಿದ ಎತ್ತರದ ಗೋಡೆ, ಗೋಡೆಯ ಬುಡದಲ್ಲಿ ನಿಲ್ಲಿಸಿದ ಸೈಕಲ್ಲು, ಮಧ್ಯಾಹ್ನದ ಗಿಡ್ಡ ನೆರಳು. ಪುಲಿಗೆರೆಯ ತಿರುಳ್ಗನ್ನಡ, ಆದಿಕವಿ ಪಂಪ ಎಂದೆಲ್ಲ ನೆನಪಿಸುವ ಗೋಜಿಗೆ ಹೋಗದೆ ಆ ಮಾಸ್ತರು ಗೋಡೆ ಬರೆದಿದ್ದರು. ಆ ಚಿತ್ರದ ಮುಂದೆ ಲಕ್ಷ್ಮೇಶ್ವರದ ಹುಡುಗನೊಬ್ಬ ‘ಸೈಕಲ್ ಇಲ್ಲಿ ಹಚ್ಚಾಕ ಬಿಡೂದಿಲ್ಲ ಈಗ’ ಅಂದ. ನನಗೆ ಅದು ಆ ದಿನ ಕೇಳಿದ ಮೊದಲ ವಿಮರ್ಶೆ.

ನಿಜವಾದ ಪ್ರದರ್ಶನ ಇದ್ದದ್ದು ಹಿಂದಿನ ಸಣ್ಣ ಕೋಣೆಯಲ್ಲಿ. ಅಲ್ಲಿಗೆ ಬಾಣದ ಗುರುತೂ ಇರಲಿಲ್ಲ. ಹದಿನಾಲ್ಕು ಭಾವಚಿತ್ರಗಳು, ಎಲ್ಲವೂ ಎಣ್ಣೆ ಬಣ್ಣ, ಎಲ್ಲವೂ ಒಬ್ಬರೇ ಮಾಸ್ತರರವು. ಎಂಬತ್ತು ದಾಟಿದ ಅವರು ಮೂಲೆಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದರು. ಬಿಳಿ ಧೋತರ, ಗಾಂಧಿ ಟೊಪ್ಪಿಗೆ, ಕಿಸೆಯಲ್ಲಿ ಎರಡು ಪೆನ್ನು. ಚಿತ್ರಗಳ ಕೆಳಗೆ ಹೆಸರಿಲ್ಲ, ಬೆಲೆಯಿಲ್ಲ. ಕೇಳಿದೆ. ‘ಇವು ಮಾರಾಕ ಇಟ್ಟಾವಲ್ರಿ. ಒಯ್ಯದs ಬಿಟ್ಟಾವು’ ಎಂದರು.

ಈ ಭಾಗದಲ್ಲಿ ಹುಟ್ಟಿದವರಿಗೆ ಆ ಕಸುಬು ಗೊತ್ತು. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಪಡಸಾಲೆಗೆ ಒಂದು ಭಾವಚಿತ್ರ ಬೇಕು. ಅವರ ಫೋಟೋ ಇರುತ್ತಿದ್ದದ್ದು ಒಂದೋ ಎರಡೋ. ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನ ಮುಖ, ಸೊಸೈಟಿ ಸಾಲಕ್ಕೆ ತೆಗೆಸಿದ ಪಾಸ್‌ಪೋರ್ಟ್ ಸೈಜು; ಕೆಲವೊಮ್ಮೆ ಅದೂ ಇರದೆ, ಹೆಣವನ್ನು ಕೂಡಿಸಿ ತೆಗೆಸಿದ ಫೋಟೋ. ಅದನ್ನು ಡ್ರಾಯಿಂಗ್ ಮಾಸ್ತರರಿಗೆ ಕೊಟ್ಟು ಹೋಗುತ್ತಿದ್ದರು. ಮಾಸ್ತರು ಫೋಟೋದ ಮೇಲೆ ಸಣ್ಣ ಚೌಕ, ಬಟ್ಟೆಯ ಮೇಲೆ ದೊಡ್ಡ ಚೌಕ ಎಳೆದು ಮುಖವನ್ನು ಒಂದೊಂದೇ ಚೌಕದಲ್ಲಿ ದಾಟಿಸುತ್ತಿದ್ದರು. ಮುಚ್ಚಿದ ಕಣ್ಣು ತೆರೆಯಬೇಕು. ಬಾಡಿದ ತುಟಿ ತುಂಬಬೇಕು. ರುಮಾಲು, ಕೋಟು, ಕೊರಳಲ್ಲಿ ಉಂಗುರ ಮಾರಿ ಮಾಡಿಸಬೇಕೆಂದುಕೊಂಡು ಮಾಡಿಸಲಾಗದೆ ಹೋದ ಬೋರಮಾಳ, ಎಲ್ಲ ಅಲ್ಲಿ ಬರುತ್ತಿತ್ತು. ಕ್ಯಾನ್ವಾಸು ತುಟ್ಟಿ, ಮಾದರಪಾಟ ಬಟ್ಟೆಗೆ ಅಂಟು ಸವರಿ ಬಿಗಿದುಕೊಳ್ಳುತ್ತಿದ್ದೆ ಎಂದರು. ಎಣ್ಣೆ? ‘ಅಗಸಿ ಎಣ್ಣಿ. ಬಜಾರದಾಗ ಸಿಗೂದು.’ ನಾನು ತಲೆ ಎತ್ತಿದೆ. ಯುರೋಪಿನ ದೊಡ್ಡ ದೊಡ್ಡ ಚಿತ್ರಗಳನ್ನೆಲ್ಲ ಹಿಡಿದಿಟ್ಟಿರುವ ಲಿನ್‌ಸೀಡ್ ಎಣ್ಣೆ ಎಂದರೆ ಇದೇ ಅಗಸಿ. ನಾವು ರೊಟ್ಟಿಗೆ ಚಟ್ನಿಪುಡಿ ಮಾಡಿಕೊಂಡು ತಿನ್ನುವುದು. ಪಾಶ್ಚಾತ್ಯ ಕಲೆ ಜೋಳದ ಹೊಲದ ಅಕ್ಕಡಿಯಲ್ಲೇ ಬೆಳೆಯುತ್ತಿತ್ತು.

ಒಯ್ಯದೆ ಬಿಟ್ಟದ್ದಕ್ಕೆ ಕಾರಣ ಹಲವು. ಮುಂಗಡ ಕೊಟ್ಟವನು ಬರಗಾಲದಲ್ಲಿ ಊರು ಬಿಟ್ಟ. ಅಣ್ಣ–ತಮ್ಮ ಬೇರೆಯಾದರು, ಅಪ್ಪನ ಚಿತ್ರದ ಬಾಕಿ ಯಾರು ಕೊಡಬೇಕೆಂದು ತಕರಾರಾಯಿತು. ಆಮೇಲೆ ಫೋಟೋ ದೊಡ್ಡದು ಮಾಡಿಕೊಡುವವರು ಬಂದರು, ಅದರ ಹಿಂದೆ ಫ್ಲೆಕ್ಸು. ಒಂದೇ ತಾಸಿನಲ್ಲಿ ಅಜ್ಜ, ಅಜ್ಜನ ಹಿಂದೆ ಕೈಲಾಸ, ಮೇಲೆ ಹೂಮಳೆ. ಆರು ತಿಂಗಳು ಕಾಯುವ ಮಾಸ್ತರ ಯಾರಿಗೆ ಬೇಕು? ಚಿತ್ರಗಳು ಅಟ್ಟ ಸೇರಿದವು. ಕತ್ತಲೆಯಲ್ಲಿಟ್ಟರೆ ಅಗಸಿ ಎಣ್ಣೆ ಹಳದಿಗೆ ತಿರುಗುತ್ತದೆ. ಪ್ರದರ್ಶನಕ್ಕೆ ಮೊದಲು ಅವರು ಎಲ್ಲವನ್ನೂ ಅಂಗಳದಲ್ಲಿ ನಾಲ್ಕೈದು ದಿನ ಬೆಳಕಿಗೆ ಇಟ್ಟಿದ್ದರಂತೆ, ಹಪ್ಪಳ ಒಣಹಾಕಿದ ಹಾಗೆ. ಹಳದಿ ಸ್ವಲ್ಪ ಇಳಿದಿದೆ. ಪೂರ್ತಿ ಇಳಿಯುವುದಿಲ್ಲ.

ಬಹಳ ವರ್ಷಗಳ ಹಿಂದೆ ಇಂಥ ಭಾವಚಿತ್ರಗಳ ಬಗ್ಗೆ ನಾನೊಂದು ಲೇಖನ ಬರೆದಿದ್ದೆ. ಫೋಟೋದ ಗುಲಾಮಗಿರಿ, ಕ್ಯಾಲೆಂಡರ್ ಕಲೆ, ಕಣ್ಣಿದ್ದೂ ನೋಟವಿಲ್ಲದ ಮುಖಗಳು ಎಂದೆಲ್ಲ. ಆಗ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದೆ, ಸಮಕಾಲೀನ ಕಲೆ ಎಂಬ ಮಾತು ಬಾಯಲ್ಲಿ ಬಿಸಿಯಾಗಿತ್ತು. ಆ ಲೇಖನದಲ್ಲಿ ಸತ್ಯ ಇರಲಿಲ್ಲ ಎನ್ನಲಾರೆ. ಈ ಹದಿನಾಲ್ಕರಲ್ಲೂ ಹತ್ತು ಚಿತ್ರಗಳಿಗೆ ಅದು ಇವತ್ತಿಗೂ ಒಪ್ಪುತ್ತದೆ. ಒಂದೇ ಕಪ್ಪು ಕೋಟು ಏಳು ಜನರ ಮೇಲೆ ಬಂದು ಕೂತಿದೆ. ಹಿನ್ನೆಲೆಯಲ್ಲಿ ಒಂದೇ ಮಬ್ಬು ಹಸಿರು. ಕಣ್ಣುಗಳು ಚಿತ್ರ ತೆಗೆಯುವವನನ್ನೂ ನೋಡುವುದಿಲ್ಲ, ನಮ್ಮನ್ನೂ ನೋಡುವುದಿಲ್ಲ. ಆದರೆ ಅಂದು ನಾನು ಕೇಳಬೇಕಿದ್ದ ಪ್ರಶ್ನೆಯನ್ನೇ ಕೇಳಿರಲಿಲ್ಲ: ಈ ಚಿತ್ರ ಯಾರ ಮುಂದೆ ಪರೀಕ್ಷೆಗೆ ನಿಲ್ಲುತ್ತದೆ?

ಕೋಣೆಯಲ್ಲಿ ಕೂತ ಎರಡು ತಾಸಿನಲ್ಲಿ ಅದು ಕಣ್ಣೆದುರೇ ನಡೆಯಿತು. ಬಂದವರು ಯಾರೂ ಕುಂಚದ ಎಳೆತ ನೋಡಲಿಲ್ಲ. ಹುಬ್ಬುಗಂಟಿಕ್ಕಿ ಮುಖಗಳನ್ನು ಹುಡುಕಿದರು. ‘ಇವ್ರು ಬೆಟಗೇರಿಯವ್ರಲಾ, ನೂಲಿನ ಅಂಗಡಿ ಇತ್ತು.’ ‘ಅಲ್ಲಲೇ, ಅವ್ರ ಅಣ್ಣ. ಇವ್ರ ಕಿವಿ ನೋಡು.’ ಕಿವಿಯ ಮೇಲೆ ಐದು ನಿಮಿಷ ವಾದ ನಡೆಯಿತು. ನಾನು ‘ನೋಟವಿಲ್ಲ’ ಎಂದು ತೀರ್ಪು ಕೊಟ್ಟಿದ್ದ ಕಣ್ಣುಗಳಲ್ಲಿ ಇವರು ಮನುಷ್ಯನನ್ನು ಗುರುತಿಸುತ್ತಿದ್ದರು, ಅವನ ಅಣ್ಣನಿಂದ ಬೇರ್ಪಡಿಸುತ್ತಿದ್ದರು. ಹೋಲಿಕೆ ಎಂಬುದು ಕಲೆಯ ಅತ್ಯಂತ ಕೆಳಗಿನ ಮೆಟ್ಟಿಲೆಂದು ನಮಗೆ ಕಲಿಸಿದವರು ಯಾರು? ಶಾಂತಕವಿಗಳು ಗದುಗಿನಲ್ಲಿ ಮೊದಲು ಬರೆದ ನಾಟಕ ‘ಉಷಾಹರಣ’. ಆ ಕಥೆಯ ಕೀಲಿ ಇರುವುದು ಚಿತ್ರಲೇಖೆಯ ಕೈಯಲ್ಲಿ. ಉಷೆ ಕನಸಿನಲ್ಲಿ ಕಂಡವನು ಯಾರೆಂದು ತಿಳಿಯದು. ಗೆಳತಿ ಚಿತ್ರಲೇಖೆ ಒಬ್ಬೊಬ್ಬ ರಾಜಕುಮಾರನ ಭಾವಚಿತ್ರ ಬರೆದು ತೋರಿಸುತ್ತಾ ಹೋಗುತ್ತಾಳೆ. ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚಿ ತಲೆ ತಗ್ಗಿಸುತ್ತಾಳೆ. ಆ ತಗ್ಗಿದ ತಲೆಯೇ ಚಿತ್ರಕ್ಕೆ ಸಿಕ್ಕ ಪ್ರಶಸ್ತಿ. ಕಂಪನಿ ನಾಟಕದ ಮೊದಲ ಹೆಜ್ಜೆಗಳಲ್ಲೇ, ಇದೇ ಊರಿನಲ್ಲಿ, ಭಾವಚಿತ್ರಕಾರ್ತಿಯೊಬ್ಬಳು ರಂಗದ ಮೇಲೆ ನಿಂತಿದ್ದಳು.

ಇನ್ನೂ ಹಿಂದೆ ಹೋಗುವುದಾದರೆ ಚಹಾದ ಗಾಡಿಯ ಹಿರಿಯರ ಪ್ರಶ್ನೆಗೇ ಬರುತ್ತೇವೆ. ಪಶ್ಚಿಮ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಯ ಭಾಗವೇ ಇದೆ. ಕನ್ನಡಿಯೊಳಗಿನ ಬಿಂಬದ ಹಾಗೆ ಹೋಲುವ ಚಿತ್ರಕ್ಕೆ ಅವನು ಕೊಡುವ ಹೆಸರು ವಿದ್ಧ. ಮನಸ್ಸಿನಲ್ಲಿ ಹುಟ್ಟಿ ಬರೆದದ್ದು ಅವಿದ್ಧ. ಎರಡಕ್ಕೂ ಜಾಗ ಕೊಟ್ಟಿದ್ದಾನೆ. ಗದಗ, ಪುಲಿಗೆರೆ ಎಲ್ಲ ಅವನ ರಾಜ್ಯವೇ. ಹಾಗಿದ್ದ ಮೇಲೆ, ಕನ್ನಡಿಯಂಥ ಹೋಲಿಕೆ ಜೆ.ಜೆ. ಸ್ಕೂಲಿನಿಂದಲೇ ಇಳಿದು ಬಂತು ಎನ್ನುವ ನನ್ನಂಥವರ ಮಾತು ಅರ್ಧ ಸತ್ಯ. ಎಣ್ಣೆ ಬಣ್ಣದ ವಿದ್ಯೆ ಅಲ್ಲಿಂದ ಬಂತು, ಆಸೆ ಮೊದಲೇ ಇತ್ತು.

ಇಷ್ಟಾದರೂ ಆ ಹೋಲಿಕೆಯ ಬಗ್ಗೆ ಒಂದು ಅನುಮಾನ ಉಳಿದಿತ್ತು. ಹದಿಮೂರು ಮುಖಗಳು ಗೋಧಿ ಬಣ್ಣ. ಎರೆಹೊಲದ ಬಿಸಿಲಿನಲ್ಲಿ ಅರವತ್ತು ವರ್ಷ ದುಡಿದವರು ಹೀಗೆ ಒಂದೇ ಸಮ ಗೋಧಿ ಬಣ್ಣ ಇರಲಾರರು. ಮಾಸ್ತರರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ‘ಎಲ್ಲಾರೂ ಅದನ್ನs ಹೇಳತಿದ್ರು. ಮಾಸ್ತರ, ಒಂಚೂರು ಬೆಳ್ಳಗ ಮಾಡ್ರಿ ಅಂತ.’ ಕಿವಿ ಕಿವಿಯೇ ಆಗಿರಬೇಕು, ಹುಬ್ಬಿನ ಮಚ್ಚೆ ಅಲ್ಲೇ ಇರಬೇಕು, ಆದರೆ ಮೈಬಣ್ಣ ಮಾತ್ರ ಸತ್ತ ಮೇಲಾದರೂ ಬದಲಾಗಬೇಕು. ಜೊತೆಗೆ, ಪಡಸಾಲೆ ಇದ್ದವರಿಗಷ್ಟೇ ಭಾವಚಿತ್ರ ಬೇಕಾಗುತ್ತಿತ್ತು ಎಂಬುದನ್ನೂ ಮರೆಯಬಾರದು. ದೇಸಾಯರು, ವ್ಯಾಪಾರಿಗಳು, ಮಾಸ್ತರರು, ಸ್ವಾಮಿಗಳು. ಹತ್ತಿ ಬಿಡಿಸಿದವರ ಮುಖವನ್ನು ಯಾವ ಚೌಕದಲ್ಲೂ ಯಾರೂ ದಾಟಿಸಲಿಲ್ಲ.

ಹದಿನಾಲ್ಕನೆಯದು ಬಾಗಿಲ ಹಿಂದೆ ಇತ್ತು. ಬಾಗಿಲು ತೆರೆದರೆ ಮರೆಯಾಗುವ ಜಾಗ. ಅರವತ್ತರ ಆಸುಪಾಸಿನ ಹೆಣ್ಣುಮಗಳು, ತಲೆಯ ಮೇಲೆ ಸೆರಗು, ಬೆಟಗೇರಿ ಮಗ್ಗದ್ದಿರಬೇಕು ಸೀರೆ, ಕಡುಗೆಂಪು. ಆಕೆ ಕಪ್ಪಗಿದ್ದಾಳೆ. ಕಪ್ಪು ಬಣ್ಣ ಬಳಿದ ಕಪ್ಪಲ್ಲ. ಇಡೀ ಮುಖದಲ್ಲಿ ಕಪ್ಪು ಟ್ಯೂಬಿನಿಂದ ಬಂದದ್ದು ಏನೂ ಇಲ್ಲವೆಂದು ಹತ್ತಿರ ಹೋದರೆ ತಿಳಿಯುತ್ತದೆ. ಕಂದು, ಅದರೊಳಗೆ ನೀಲಿ, ದವಡೆಯ ನೆರಳಿನಲ್ಲಿ ಸ್ವಲ್ಪ ಹಸಿರು. ಹಣೆಯ ಮೇಲೆ ಬಾಗಿಲಿನಿಂದ ಬಂದ ಬೆಳಕು ತಣ್ಣಗೆ, ನೀಲಿಯಾಗಿ ಕೂತಿದೆ. ಗದ್ದದ ಕೆಳಗೆ ಸೀರೆಯ ಕೆಂಪು ಚರ್ಮಕ್ಕೆ ಹತ್ತಿದೆ. ಫೋಟೋದಲ್ಲಿ ಅದು ಸಿಕ್ಕಿರಲು ಸಾಧ್ಯವಿಲ್ಲ. ಕಪ್ಪು–ಬಿಳುಪು ಫೋಟೋದಲ್ಲಿ ಕೆಂಪು ಎಲ್ಲಿಂದ ಬರಬೇಕು? ಮನುಷ್ಯರನ್ನು ನೋಡಿ ಗೊತ್ತಿದ್ದವನು ಮಾತ್ರ ಹಚ್ಚಬಲ್ಲ ಬಣ್ಣ ಅದು. ಕಣ್ಣುಗಳು ನೇರ ನಿಮ್ಮ ಮೇಲಿವೆ, ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಂತೆ. ಆ ಮೂರು ದಿನದ ಅರವತ್ತು ಚಿಲ್ಲರೆ ಚಿತ್ರಗಳಲ್ಲಿ ಅಷ್ಟೇ ಅಲ್ಲ, ಈ ಭಾಗದಲ್ಲಿ ನಾನು ನೋಡಿದ ಭಾವಚಿತ್ರಗಳಲ್ಲೇ ಅದು ಮೇಲಿನದು ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ.

‘ಇದನ್ನ ಯಾಕ ಒಯ್ಯಲಿಲ್ಲ?’ ಎಂದೆ.

‘ಕರ್ರಗಾಗೇತಿ ಅಂದ್ರು. ನಮ್ಮವ್ವ ಇಷ್ಟ ಕರ್ರಗ ಇರಲಿಲ್ಲ ಅಂದ್ರು. ಇದ್ಲರಿ. ನಾ ನೋಡಿದಾಕಿ. ನಮ್ಮ ಮನಿಗೆ ಮಜ್ಜಿಗಿ ತರತಿದ್ಲು.’ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ‘ಮಕ್ಕಳು ನೌಕರಿ ಹಿಡಿದಿದ್ರು. ಹೊಸಾ ಮನಿ ಕಟ್ಟಿಸಿದ್ರು. ಅವರಿಗೂ ಆಸೆ ಇರತದಲ್ರಿ.’

ಆಮೇಲೆ ಅವರು ಯಾರನ್ನೂ ಹಾಗೆ ಬರೆಯಲಿಲ್ಲ. ಹದಿಮೂರರಲ್ಲಿ ಬಹಳಷ್ಟು ಆ ಚಿತ್ರದ ನಂತರದವೇ. ಸೋತ ಚಿತ್ರ ಅದು, ಕಸುಬಿನಲ್ಲಿ ತಪ್ಪಿದ್ದು, ಗಿರಾಕಿಯ ಮನಸ್ಸು ತಿಳಿಯದೆ ಮಾಡಿದ್ದು ಎಂಬುದು ಅವರ ಖಚಿತ ಅಭಿಪ್ರಾಯ. ನಾನು ವಾದಿಸಿದೆ. ಇದೇ ನಿಮ್ಮ ದೊಡ್ಡ ಕೆಲಸ, ಇದನ್ನು ಹಾಲಿನ ನಡುವೆ ಹಾಕಬೇಕಿತ್ತು ಎಂದೆ. ನನ್ನ ಮಾತಿನಲ್ಲಿ ವಿಮರ್ಶಕನ ಉತ್ಸಾಹ ಜಾಸ್ತಿಯೇ ಇತ್ತು. ಅವರು ಕೇಳಿಸಿಕೊಂಡು, ‘ಚಿತ್ರ ಚಂದ ಇರಬಹುದ್ರಿ. ಮಕ್ಕಳು ಗುರುತು ಹಿಡೀಲಿಲ್ಲಲಾ’ ಎಂದರು. ಹೋಲಿಕೆಯೇ ಪರೀಕ್ಷೆ, ಊರವರೇ ಪರೀಕ್ಷಕರು ಎಂದು ಅರ್ಧ ತಾಸಿನ ಹಿಂದೆ ಒಪ್ಪಿಕೊಂಡಿದ್ದ ನನ್ನ ಬಳಿ ಇದಕ್ಕೆ ತಟ್ಟನೆ ಉತ್ತರವಿರಲಿಲ್ಲ. ಉಷೆ ಅನಿರುದ್ಧನ ಚಿತ್ರ ಕಂಡೂ ‘ಇವನಲ್ಲ’ ಎಂದು ಮುಖ ತಿರುಗಿಸಿದ್ದರೆ ಚಿತ್ರಲೇಖೆ ಏನು ಮಾಡುತ್ತಿದ್ದಳು? ಇನ್ನೊಂದು ಬರೆಯುತ್ತಿದ್ದಳೇ? ಗುರುತು ಸಿಕ್ಕಿತ್ತು, ಅದಕ್ಕೇ ಒಯ್ಯಲಿಲ್ಲ ಎಂದು ನನಗನಿಸುತ್ತದೆ. ಮಾಸ್ತರರಿಗೆ ಹಾಗೆ ಹೇಳಿದೆ ಕೂಡ. ಅವರು ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಬರೆದದ್ದನ್ನು ಅಳಿಸುವುದಿಲ್ಲ ಎಂಬ ಹೆಮ್ಮೆ ಕುಮಾರವ್ಯಾಸನದು. ಇನ್ನೂರು ಹೆಜ್ಜೆ ಆಚೆ, ವೀರನಾರಾಯಣನ ಗುಡಿಯಲ್ಲಿ, ಅವನು ಒರಗಿ ಕೂತು ಬರೆದನೆಂದು ತೋರಿಸುವ ಕಂಬವಿದೆ. ಎಣ್ಣೆ ಬಣ್ಣದವರಿಗೆ ಆ ಹೆಮ್ಮೆ ಸಲ್ಲದು. ಒಣಗಿದ ಮೇಲೂ ಮೇಲಿಂದ ಹಚ್ಚಬಹುದು, ಕಪ್ಪನ್ನು ಗೋಧಿ ಮಾಡಲು ಒಂದು ದಿನ ಸಾಕು. ಹಣ ಬಾಕಿ ಇತ್ತು, ಬಟ್ಟೆ, ಬಣ್ಣ ಎಲ್ಲ ಕೈಯಿಂದ ಹೋಗಿತ್ತು. ಆದರೂ ತಿದ್ದಲಿಲ್ಲ ಯಾಕೆ ಎಂದು ಕೇಳಿದೆ. ‘ತಿದ್ದಬೇಕಂತ ಕುಂತಿದ್ನಿ’ ಎಂದರು. ಅಷ್ಟೇ ಹೇಳಿದರು.

ಕೊನೆಯ ದಿನ ಸಂಜೆ ಮತ್ತೆ ಹೋದೆ, ಅದನ್ನು ಕೊಳ್ಳೋಣವೆಂದು. ನನ್ನ ಮಟ್ಟಿಗೆ ದೊಡ್ಡ ಮೊತ್ತವನ್ನೇ ಹೇಳಿದೆ. ಜಲಪಾತಗಳಲ್ಲಿ ನಾಲ್ಕು ಮಾರಾಟವಾಗಿದ್ದವು. ಸೋಮೇಶ್ವರದ ಗೋಡೆಯನ್ನು ಯಾರೂ ಕೊಂಡಿರಲಿಲ್ಲ. ಮಾಸ್ತರು ಹಣದ ಮಾತು ಕೇಳಿ ಸಿಟ್ಟಾಗಲಿಲ್ಲ, ಬೆರಗಾದರು.

‘ಅವರ ಅವ್ವನ್ನ ನಿಮಗ ಹೆಂಗ ಮಾರ್ಲಿರಿ?’

‘ಅವರು ಬರೂದಿಲ್ಲ ಸರ್.’

‘ಬರಲಿಕ್ಕಿಲ್ಲ. ಮೊಮ್ಮಕ್ಕಳು ಅದಾರ.’

ಕೆಳಗೆ ಟಾಟಾ ಏಸ್ ಬಂದು ನಿಂತಿತ್ತು. ಶಿಷ್ಯರು ಚಿತ್ರಗಳನ್ನು ಹಳೇ ಸೀರೆಗಳಲ್ಲಿ ಸುತ್ತಿ ಒಂದೊಂದಾಗಿ ಇಳಿಸುತ್ತಿದ್ದರು. ಈ ಸಲ ಅಟ್ಟಕ್ಕೆ ಹಾಕಬೇಡಿ, ಕತ್ತಲೆಯಲ್ಲಿ ಹಳದಿಯಾಗುತ್ತವೆ ಎಂದೆ. ಆಕೆಯನ್ನು ಪಡಸಾಲೆಯಲ್ಲಿ ತಮ್ಮ ತಾಯಿಯ ಚಿತ್ರದ ಪಕ್ಕ ಹಾಕುವುದಾಗಿ ಹೇಳಿ, ಕಠಡಾ ಹಿಡಿದುಕೊಂಡು ಮೆಟ್ಟಿಲು ಇಳಿದರು.